ಟೂವಿಕ್ಸ್‌ನನ್ನು ಇಲ್ಲವಾಗಿಸಿದ್ದು ಸರಿಯೇ? 1996ರಿಂದ ಮುಗಿಯದ ಒಂದು ಜಗಳ

ಒಂದು ಬಾಹ್ಯಾಕಾಶ ಹಡಗಿನ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವವರೆಲ್ಲ ಕೂರುವ ಆ ದೊಡ್ಡ ಕೋಣೆಯಲ್ಲಿ, ಒಬ್ಬ ನಿಂತಿದ್ದಾನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ತನ್ನನ್ನು ಇಲ್ಲವಾಗಿಸುತ್ತಾರೆ ಅಂತ ಅವನಿಗೆ ಗೊತ್ತಾಗಿದೆ. ಸುತ್ತ ಇರುವವರೆಲ್ಲ ಅವನ ಜೊತೆ ಕೆಲಸ ಮಾಡಿದವರು, ಅವನು ಮಾಡಿ ಬಡಿಸಿದ್ದನ್ನು ಉಂಡವರು. ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬೇಡಿಕೊಳ್ಳುತ್ತಾನೆ. ಇದು ತಪ್ಪು ಅಂತ ನಿಮಗ್ಯಾರಿಗೂ ಅನ್ನಿಸುತ್ತಿಲ್ಲವೇ ಎಂದು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಓಡಲು ನೋಡುತ್ತಾನೆ. ಕಾವಲಿನವರು ಹಿಡಿಯುತ್ತಾರೆ. ಕೊನೆಗೆ ಅವನೇ ಸಮಾಧಾನ ತಂದುಕೊಂಡು, ನೀವೆಲ್ಲ ಒಳ್ಳೆಯವರು, ಇದನ್ನು ಹೊತ್ತುಕೊಂಡು ನೀವು ಬದುಕಬೇಕಲ್ಲ, ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಹೇಳಿ ಹೊರಡುತ್ತಾನೆ.

ಇದು 'ಸ್ಟಾರ್ ಟ್ರೆಕ್: ವಾಯೇಜರ್' ಸೀರೀಸಿನ ಎರಡನೇ ಸೀಸನ್‌ನ ಒಂದು ಎಪಿಸೋಡ್. ಹೆಸರು 'ಟೂವಿಕ್ಸ್', ಬೇಡಿಕೊಳ್ಳುವ ಅವನ ಹೆಸರೂ ಅದೇ. 1996ರ ಮೇ 6ರಂದು ಅಮೆರಿಕದ ಯುಪಿಎನ್ ಚಾನೆಲ್ಲಿನಲ್ಲಿ ಬಂತು. ಅಂದಿನಿಂದ ಇಂದಿನವರೆಗೂ ಸ್ಟಾರ್ ಟ್ರೆಕ್ ಅಭಿಮಾನಿಗಳು ಇದರ ಬಗ್ಗೆ ಜಗಳ ನಿಲ್ಲಿಸಿಲ್ಲ. ಕ್ಯಾಪ್ಟನ್ ಜೇನ್‌ವೇ ಮಾಡಿದ್ದು ಕೊಲೆ ಅಂತ ಒಂದು ಕಡೆಯವರು. ಇಬ್ಬರ ಪ್ರಾಣ ಉಳಿಸಿದಳು ಅಂತ ಇನ್ನೊಂದು ಕಡೆಯವರು. ನಾನೂ ನನ್ನ ತಂಗಿಯೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತು ಇದನ್ನು ನೋಡಿದ ರಾತ್ರಿ, ಊಟದ ತಟ್ಟೆ ಒಣಗಿದರೂ ಮಾತು ಮುಗಿದಿರಲಿಲ್ಲ. ಅವಳು ಜೇನ್‌ವೇ ಕಡೆ. ನಾನು ಟೂವಿಕ್ಸ್ ಕಡೆ. ಇವತ್ತಿಗೂ ಹಾಗೇ.

ಒಂದು ಹಳೆಯ ಟಿವಿ ಸೀರೀಸಿನ ಮುಕ್ಕಾಲು ಗಂಟೆಯ ಕಥೆಗೆ ಜನ ಯಾಕೆ ಇಷ್ಟು ಅಂಟಿಕೊಂಡಿದ್ದಾರೆ? ಅದನ್ನು ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು.

ಸೀರೀಸ್ ನೋಡದವರಿಗೆ ಮೊದಲು ಕಥೆ ಹೇಳಿಬಿಡುತ್ತೇನೆ. ವಾಯೇಜರ್ ಎಂಬ ಹಡಗು ನಮ್ಮ ಗ್ಯಾಲಕ್ಸಿಯ ಇನ್ನೊಂದು ತುದಿಗೆ ಎಸೆಯಲ್ಪಟ್ಟಿದೆ. ಮನೆ 70,000 ಜ್ಯೋತಿರ್ವರ್ಷ ದೂರ. ಪೂರ್ತಿ ವೇಗದಲ್ಲಿ ಹೋದರೂ 75 ವರ್ಷದ ದಾರಿ. ಕ್ಯಾಪ್ಟನ್ ಕ್ಯಾಥರಿನ್ ಜೇನ್‌ವೇ. ಸ್ಟಾರ್ ಟ್ರೆಕ್ ಸೀರೀಸೊಂದರಲ್ಲಿ ಮುಖ್ಯ ಕ್ಯಾಪ್ಟನ್ ಆದ ಮೊದಲ ಹೆಣ್ಣು ಪಾತ್ರ ಇದು. ಕೇಟ್ ಮಲ್ಗ್ರೂ ನಟಿಸಿದ್ದಾರೆ. ಹಡಗಿನ ರಕ್ಷಣೆ ನೋಡಿಕೊಳ್ಳುವವನು ಟೂವಾಕ್. ಅವನು ವಲ್ಕನ್, ಅಂದರೆ ಭಾವನೆಗಳನ್ನು ಅದುಮಿಟ್ಟು ತರ್ಕದಿಂದ ಬದುಕುವ ಜನಾಂಗದವನು. ಜೇನ್‌ವೇಗೆ ಹಳೆಯ ಗೆಳೆಯ, ಬುದ್ಧಿ ಹೇಳುವವನು. ಅಸಲಿಗೆ ಮೊದಲ ಎಪಿಸೋಡಿನಲ್ಲಿ ಅವಳು ಹಡಗು ಹೊರಡಿಸಿದ್ದೇ ವೇಷ ಮರೆಸಿಕೊಂಡು ಹೋಗಿದ್ದ ಈ ಟೂವಾಕ್ ಇದ್ದ ಹಡಗನ್ನು ಹುಡುಕಲು. ಅಡುಗೆ ನೋಡಿಕೊಳ್ಳುವವನು ನೀಲಿಕ್ಸ್. ಟಲಾಕ್ಸಿಯನ್ ಜನಾಂಗದವನು. ಮಾತು ಜಾಸ್ತಿ, ಅಪ್ಪಿಕೊಳ್ಳುವ ಸ್ವಭಾವ. ಟೂವಾಕ್‌ಗೆ ಅವನನ್ನು ಕಂಡರೆ ಆಗುವುದಿಲ್ಲ.

ಈ ಇಬ್ಬರೂ ಗಿಡಗಳ ಮಾದರಿ ತರಲು ಒಂದು ಗ್ರಹಕ್ಕೆ ಇಳಿಯುತ್ತಾರೆ. ವಾಪಸ್ ಬರುವುದು ಟ್ರಾನ್ಸ್‌ಪೋರ್ಟರ್‌ನಲ್ಲಿ. ಅದು ಮನುಷ್ಯರನ್ನು ಕಣಕಣವಾಗಿ ಬಿಡಿಸಿ, ಇನ್ನೊಂದು ಕಡೆ ಮತ್ತೆ ಜೋಡಿಸುವ ಯಂತ್ರ. ತಂದ ಗಿಡಗಳಲ್ಲಿ ಒಂದು ಆರ್ಕಿಡ್ ಇರುತ್ತದೆ. ಜೋಡಣೆಯ ಹೊತ್ತಿನಲ್ಲಿ ಆ ಹೂವು ಇಬ್ಬರನ್ನೂ ಬೆಸೆದುಬಿಡುತ್ತದೆ. ಹೋದದ್ದು ಇಬ್ಬರು, ಬಂದದ್ದು ಒಬ್ಬ. ಕಿವಿ ವಲ್ಕನ್‌ದು, ಮುಖದ ಮಚ್ಚೆ ಟಲಾಕ್ಸಿಯನ್‌ದು. ಮೈಮೇಲಿನ ಬಟ್ಟೆ ಕೂಡ ಬೆರೆತಿದೆ. ಒಬ್ಬನ ಯೂನಿಫಾರ್ಮಿನ ಬಣ್ಣ, ಇನ್ನೊಬ್ಬನ ಬಣ್ಣಬಣ್ಣದ ನೇಯ್ಗೆ. ಟಾಮ್ ರೈಟ್ ಎಂಬ ನಟ ಈ ಪಾತ್ರ ಮಾಡಿದ್ದಾರೆ. ಎರಡು ಪಾತ್ರಗಳ ನಡೆ-ನುಡಿ ಒಂದೇ ಮೈಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಐದು ನಿಮಿಷದಲ್ಲಿ ಇವನೊಬ್ಬ ಬೇರೆಯೇ ಮನುಷ್ಯ ಅಂತ ನಾವು ಒಪ್ಪಿಬಿಡುತ್ತೇವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಥೆಯಲ್ಲಿ ಇದಕ್ಕೆ ಸಿಂಬಯೋಜೆನೆಸಿಸ್ ಎಂಬ ಪದ ಬಳಸುತ್ತಾರೆ. ಅದು ಬರೆದವರು ಸುಮ್ನೆ ಹುಟ್ಟಿಸಿದ ಪದ ಅಲ್ಲ. ಎರಡು ಬೇರೆ ಜೀವಿಗಳು ಒಂದಾಗಿ ಮೂರನೆಯದೇ ಒಂದು ಜೀವಿ ಹುಟ್ಟುವುದಕ್ಕೆ ಜೀವಶಾಸ್ತ್ರದಲ್ಲಿ ನಿಜವಾಗಿ ಇರುವ ಹೆಸರು. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಒಂದು ಕಾಲದಲ್ಲಿ ತಮ್ಮ ಪಾಡಿಗೆ ತಾವು ಬದುಕುತ್ತಿದ್ದ ಬ್ಯಾಕ್ಟೀರಿಯಾ ಎಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು. ಮೊದಲು ನಂಬದವರೇ ಜಾಸ್ತಿ. ಈಗ ಅದು ಪಠ್ಯಪುಸ್ತಕದ ಪಾಠ. ಅಂದರೆ ನಾನೂ ನೀವೂ ಒಂದು ರೀತಿಯಲ್ಲಿ ಟೂವಿಕ್ಸ್‌ಗಳೇ. ನಮ್ಮೊಳಗೆ ಬೆರೆತದ್ದನ್ನು ಬಿಡಿಸಿ ಹಳೆಯ ಬ್ಯಾಕ್ಟೀರಿಯಾಕ್ಕೆ ಅದರ ಬಾಳು ವಾಪಸ್ ಕೊಡಬೇಕು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ ಯಾರಿಗೂ ಅದರ ನೆನಪಿಲ್ಲ. ಟೂವಿಕ್ಸ್ ವಿಷಯದಲ್ಲಿ ಮಾತ್ರ ನೆನಪಿಟ್ಟುಕೊಂಡವರು ಪಕ್ಕದಲ್ಲೇ ಇದ್ದಾರೆ. ಕಥೆಯ ನೋವೆಲ್ಲ ಅಲ್ಲಿದೆ.

ದಿನಗಳು ಕಳೆಯುತ್ತವೆ. ಟೂವಿಕ್ಸ್ ಟೂವಾಕ್‌ನ ಕೆಲಸವನ್ನೂ ಮಾಡುತ್ತಾನೆ, ನೀಲಿಕ್ಸ್‌ನ ಅಡುಗೆಮನೆಯನ್ನೂ ನೋಡಿಕೊಳ್ಳುತ್ತಾನೆ. ಇಬ್ಬರ ನೆನಪೂ ಅವನಲ್ಲಿದೆ. ಹಡಗಿನವರಿಗೆ ಅವನು ಇಷ್ಟವಾಗುತ್ತಾನೆ. ಅಷ್ಟರಲ್ಲಿ ಹಡಗಿನ ಡಾಕ್ಟರ್ ಬೇರ್ಪಡಿಸುವ ದಾರಿ ಕಂಡುಹಿಡಿಯುತ್ತಾನೆ. ಒಬ್ಬನ ಡಿಎನ್‌ಎಗೆ ವಿಕಿರಣದ ಗುರುತು ಅಂಟಿಸಿದರೆ, ಯಾವುದು ಯಾರದು ಅಂತ ಟ್ರಾನ್ಸ್‌ಪೋರ್ಟರ್ ಬಿಡಿಸಿ ಎತ್ತಬಲ್ಲದು. ಎಲ್ಲರೂ ಖುಷಿಯಾಗುತ್ತಾರೆ. ಆಗ ಟೂವಿಕ್ಸ್ ಹೇಳುತ್ತಾನೆ, ನನಗೆ ಬೇಡ, ನಾನು ಬದುಕಬೇಕು ಅಂತ.

ಜೇನ್‌ವೇ ಅವನ ಮಾತು ಕೇಳುತ್ತಾಳೆ, ಯೋಚಿಸುತ್ತಾಳೆ, ಕೊನೆಗೆ ಬೇರ್ಪಡಿಸುವ ಆಜ್ಞೆ ಕೊಡುತ್ತಾಳೆ. ಡಾಕ್ಟರ್ ಒಲ್ಲೆ ಎನ್ನುತ್ತಾನೆ. ಅವಳೇ ಇಂಜೆಕ್ಷನ್ ಕೊಟ್ಟು, ಯಂತ್ರ ಒತ್ತುತ್ತಾಳೆ.

ಇಷ್ಟೇ ಕಥೆ. ಈಗ ಜಗಳಕ್ಕೆ ಬರೋಣ.

ಹೊರಗಿನಿಂದ ನೋಡಿದವರು ಇದನ್ನು ಒಂದೇ ಪ್ರಶ್ನೆ ಅಂದುಕೊಳ್ಳುತ್ತಾರೆ. ಒಬ್ಬನೋ ಇಬ್ಬರೋ, ಲೆಕ್ಕ ಹಾಕಿದರೆ ಮುಗಿಯಿತು ಅಂತ. ಆದರೆ ಒಂದರ ಕೆಳಗೆ ಒಂದು ಅಂತ ಎರಡು ಬೇರೆ ಪ್ರಶ್ನೆಗಳಿವೆ. ಟೂವಿಕ್ಸ್ ಒಬ್ಬ ವ್ಯಕ್ತಿಯೇ ಎಂಬುದು ಒಂದು. ಟೂವಾಕ್ ಮತ್ತು ನೀಲಿಕ್ಸ್ ಸತ್ತಿದ್ದಾರೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಅಂತ ಎರಡೂ ಕಡೆಯ ಹೆಚ್ಚಿನವರು ಒಪ್ಪುತ್ತಾರೆ. ಜಗಳ ಇರುವುದು ಎರಡನೆಯದರಲ್ಲಿ. ಆದರೆ ಮಾತಿನ ಬಿಸಿಯಲ್ಲಿ ಇಬ್ಬರೂ ಮೊದಲನೆಯದನ್ನೇ ಹಿಡಿದು ಎಳೆದಾಡುತ್ತಾರೆ.

ಅವರಿಬ್ಬರೂ ಸತ್ತಿದ್ದಾರೆ ಅಂತಿಟ್ಟುಕೊಳ್ಳಿ. ಆಗ ಇದು ಬದುಕಿರುವ ಒಬ್ಬನನ್ನು ಕೊಂದು ಇಬ್ಬರಿಗೆ ಜೀವ ತುಂಬಿದಂತೆ. ತತ್ವಶಾಸ್ತ್ರ ಓದಿದವರಿಗೆ ಇದು ಪರಿಚಯದ ಜಾಗ. ಫಿಲಿಪ್ಪಾ ಫುಟ್ 1967ರಲ್ಲಿ ಬ್ರೇಕ್ ಇಲ್ಲದ ಟ್ರಾಮ್ ಗಾಡಿಯ ಉದಾಹರಣೆ ಕೊಟ್ಟರು. ನೇರ ಹೋದರೆ ಐವರು ಸಾಯುತ್ತಾರೆ, ಪಕ್ಕದ ಹಳಿಗೆ ತಿರುಗಿಸಿದರೆ ಒಬ್ಬ. ತಿರುಗಿಸುತ್ತೇವೆ ಅಂತ ಬಹಳ ಜನ ಹೇಳುತ್ತಾರೆ. ಆಮೇಲೆ ಜೂಡಿತ್ ಜಾರ್ವಿಸ್ ಥಾಮ್ಸನ್ 1976ರಲ್ಲೂ 1985ರಲ್ಲೂ ಅದನ್ನು ಮುಂದುವರಿಸಿ, ಒಬ್ಬ ಶಸ್ತ್ರಚಿಕಿತ್ಸಕನ ಕಥೆಯನ್ನು ಪಕ್ಕದಲ್ಲಿಟ್ಟರು. ಐದು ರೋಗಿಗಳಿಗೆ ಒಂದೊಂದು ಅಂಗ ಬೇಕು. ಆರೋಗ್ಯವಾಗಿರುವ ಒಬ್ಬ ತಪಾಸಣೆಗೆ ಬಂದಿದ್ದಾನೆ. ಅವನು ಒಲ್ಲೆ ಎಂದರೂ ಅವನನ್ನು ಕೊಯ್ದು ಐವರನ್ನು ಉಳಿಸಬಹುದೇ? ಇಲ್ಲಿ ಎಲ್ಲರೂ ಬೆಚ್ಚಿ ಬೀಳುತ್ತಾರೆ. ಲೆಕ್ಕ ಅದೇ, ಐದಕ್ಕೆ ಒಂದು. ಆದರೂ ಒಂದು ಸರಿ ಅನ್ನಿಸುತ್ತದೆ, ಇನ್ನೊಂದು ಘೋರ ಅನ್ನಿಸುತ್ತದೆ. ಟೂವಿಕ್ಸ್ ಕಡೆಯವರು ಹೇಳುವುದು ಇಷ್ಟೇ: ಜೇನ್‌ವೇ ಗಾಡಿ ತಿರುಗಿಸಲಿಲ್ಲ, ತಪಾಸಣೆಗೆ ಬಂದವನನ್ನು ಕೊಯ್ದಳು.

ಇಲ್ಲಿ ಯಾರಾದರೂ ಮೊದಲ ಸ್ಟಾರ್ ಟ್ರೆಕ್ ಸೀರೀಸಿನ ವಲ್ಕನ್ ಅಧಿಕಾರಿ ಸ್ಪಾಕ್‌ನ ಮಾತು ಎತ್ತುತ್ತಾರೆ. 1982ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಅವನು ಹೇಳಿದ್ದು, ಹಲವರ ಅಗತ್ಯ ಕೆಲವರ ಅಗತ್ಯಕ್ಕಿಂತ ದೊಡ್ಡದು ಅಂತ. ಆದರೆ ಸ್ಪಾಕ್ ಕೊಟ್ಟದ್ದು ತನ್ನ ಪ್ರಾಣ. ಹಡಗು ಉಳಿಸಲು ತಾನೇ ವಿಕಿರಣದ ಕೋಣೆಯೊಳಗೆ ಹೋದ. ಬೇರೆ ಯಾರನ್ನೋ ಒಳಗೆ ತಳ್ಳಿ ಆ ಮಾತು ಹೇಳಿದ್ದರೆ ನಾವು ಅವನನ್ನು ಇಷ್ಟು ವರ್ಷ ತಲೆಮೇಲೆ ಹೊತ್ತುಕೊಳ್ಳುತ್ತಿರಲಿಲ್ಲ, ಅಲ್ವಾ? ಮುಂದಿನ ಸಿನಿಮಾದಲ್ಲಿ, 1984ರಲ್ಲಿ, ಗೆಳೆಯರೆಲ್ಲ ಸೇರಿ ಒಬ್ಬ ಸ್ಪಾಕ್‌ಗಾಗಿ ತಮ್ಮ ಕೆಲಸ, ಹಡಗು ಎಲ್ಲವನ್ನೂ ಪಣಕ್ಕಿಟ್ಟರು ಅನ್ನುವುದನ್ನೂ ಮರೆಯಬಾರದು.

ಈಗ ತಂಗಿಯ ಕಡೆಯ ವಾದ. ನಾನು ಒಪ್ಪದಿದ್ದರೂ ಇದನ್ನು ಸುಲಭಕ್ಕೆ ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಅವಳು ಕೇಳುವುದು: ಸತ್ತಿದ್ದಾರೆ ಅಂತ ಹೇಳಿದ್ದು ಯಾರು? ವಾಪಸ್ ತರಲು ಆಗುತ್ತದೆ ಅಂದಮೇಲೆ ಅವರು ಸತ್ತವರಲ್ಲ. ಎಲ್ಲೋ ಸಿಕ್ಕಿಹಾಕಿಕೊಂಡವರು. ಅವರಿಗೆ ಬಾಯಿಲ್ಲ. ಟೂವಿಕ್ಸ್ ಬೇಡಿಕೊಳ್ಳಬಲ್ಲ, ಅಳಬಲ್ಲ. ಅವರು ಅದನ್ನೂ ಮಾಡಲಾರರು. ಕಣ್ಣೆದುರು ಇರುವವನ ನೋವು ಕಾಣುತ್ತದೆ, ಕಾಣದವರ ನೋವು ಕಾಣುವುದಿಲ್ಲ, ಅದಕ್ಕೇ ನಾವೆಲ್ಲ ಟೂವಿಕ್ಸ್ ಕಡೆ ವಾಲುತ್ತೇವೆ. ಜೇನ್‌ವೇ ಹೇಳುವುದೂ ಇದನ್ನೇ. ಅವರು ಇಲ್ಲಿಲ್ಲ, ಅವರ ಪರವಾಗಿ ಮಾತಾಡಬೇಕಾದವಳು ನಾನು ಅಂತ.

ಇದರ ಜೊತೆ ಕೆಸ್ ಇದ್ದಾಳೆ. ನೀಲಿಕ್ಸ್‌ನ ಪ್ರೇಯಸಿ. ಟೂವಿಕ್ಸ್ ಅವಳ ಬಳಿ ಹೋಗಿ, ಕ್ಯಾಪ್ಟನ್‌ಗೆ ನನ್ನ ಪರವಾಗಿ ಒಂದು ಮಾತು ಹೇಳು ಅಂತ ಕೇಳುತ್ತಾನೆ. ಅವಳು ಜೇನ್‌ವೇ ಬಳಿ ಹೋಗುತ್ತಾಳೆ. ಹೋಗಿ, ಇದು ಟೂವಿಕ್ಸ್‌ಗೆ ಅನ್ಯಾಯ ಅಂತ ಗೊತ್ತು, ಆದರೂ ನನಗೆ ನೀಲಿಕ್ಸ್ ವಾಪಸ್ ಬೇಕು ಅಂತ ಅಳುತ್ತಾಳೆ. ಕೆಸ್ ಪಾತ್ರ ಮಾಡಿದ ಜೆನ್ನಿಫರ್ ಲೀನ್ ಆ ದೃಶ್ಯದಲ್ಲಿ ದನಿ ಏರಿಸುವುದೇ ಇಲ್ಲ. ಮಾತಾಡಲು ನಾಚಿಕೆ, ಮಾತಾಡದಿರಲು ಆಗುತ್ತಿಲ್ಲ. ಆ ಮುಖ ನೋಡಿದಾಗ ಪ್ರತಿ ಸಲವೂ ನನ್ನ ಕಡೆ ಸ್ವಲ್ಪ ಅಲುಗಾಡುತ್ತದೆ. ಟೂವಾಕ್‌ಗೂ ದೂರದ ಮನೆಯಲ್ಲಿ ಹೆಂಡತಿ ಇದ್ದಾಳೆ, ನಾಲ್ಕು ಮಕ್ಕಳಿದ್ದಾರೆ. ಆ ಮಕ್ಕಳ ಅಪ್ಪನನ್ನು ವಾಪಸ್ ಕೊಡುವ ದಾರಿ ಕೈಯಲ್ಲಿದೆ. ಕೊಡುವುದಿಲ್ಲ ಅಂತ ಹೇಗೆ ಹೇಳುವುದು?

ಜೇನ್‌ವೇಯನ್ನು ಸಮರ್ಥಿಸುವ ಇನ್ನೊಂದು ವಾದ ಆಗಾಗ ಕೇಳಿಬರುತ್ತದೆ: ದಾರಿ ತಪ್ಪಿದ ಹಡಗಿಗೆ ಇಬ್ಬರು ಕೆಲಸಗಾರರು ಬೇಕಿತ್ತು ಅಂತ. ಇದು ಕಥೆಯಲ್ಲಿ ಇರುವುದೇ ಅಲ್ಲ. ಟೂವಿಕ್ಸ್ ಎರಡೂ ಕೆಲಸ ಚೆನ್ನಾಗಿ ಮಾಡುತ್ತಿದ್ದ. ಜೇನ್‌ವೇ ಅಂಥ ಲೆಕ್ಕ ಹಾಕುವುದೂ ಇಲ್ಲ. ಅವಳು ಎತ್ತುವುದು ಆ ಇಬ್ಬರ ಹಕ್ಕಿನ ಮಾತು. ಅವಳ ಪರ ನಿಲ್ಲುವವರು ಅವಳ ಮಾತನ್ನೇ ಹಿಡಿಯಬೇಕು.

ಅವಳು ಹಡಗಿನಲ್ಲಿ ತನ್ನ ನಂತರದ ಅಧಿಕಾರಿ ಚಕೋಟೇ ಜೊತೆ ಮಾತಾಡುವ ಒಂದು ಸಣ್ಣ ದೃಶ್ಯ ಇದೆ. ನನ್ನ ಪ್ರಕಾರ ಇಡೀ ಎಪಿಸೋಡಿನ ಗಂಟು ಅಲ್ಲೇ ಇದೆ. ಟೂವಿಕ್ಸ್ ಬಂದ ಗಳಿಗೆಯಲ್ಲೇ ಬೇರ್ಪಡಿಸುವ ದಾರಿ ಸಿಕ್ಕಿದ್ದರೆ ಒಂದು ಕ್ಷಣವೂ ಹಿಂದೆಮುಂದೆ ನೋಡುತ್ತಿರಲಿಲ್ಲ, ಆದರೆ ಈಗ ಅವನು ಇಲ್ಲಿ ಒಂದು ಬದುಕು ಕಟ್ಟಿಕೊಂಡಿದ್ದಾನೆ ಅನ್ನುತ್ತಾಳೆ. ಅಪಘಾತವಾಗಿದ್ದವನು ಯಾವ ಗಳಿಗೆಯಲ್ಲಿ ವ್ಯಕ್ತಿಯಾದ? ಮೊದಲ ದಿನವೇ? ಮೊದಲ ಅಡುಗೆ ಮಾಡಿದಾಗಲೇ? ಬೇಡ ಅಂದಾಗಲೇ? ಇದಕ್ಕೆ ನನ್ನಲ್ಲೂ ಉತ್ತರವಿಲ್ಲ. ತಂಗಿಯಲ್ಲೂ ಇಲ್ಲ. ಮೊದಲ ನಿಮಿಷದಲ್ಲೇ ಬೇರ್ಪಡಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ ಅಂತ ಅವಳು ನನ್ನಿಂದ ಒಪ್ಪಿಸಿದ್ದಾಳೆ. ಎರಡು ವರ್ಷ ಬದುಕಿದ್ದರೆ ಆಗ ಬೇಡ ಅಂತ ನಾನು ಅವಳಿಂದ ಒಪ್ಪಿಸಿದ್ದೇನೆ. ನಡುವಿನ ಗೆರೆ ಎಲ್ಲಿ ಅಂತ ಇಬ್ಬರಿಗೂ ಗೊತ್ತಿಲ್ಲ.

ಕನ್ನಡದಲ್ಲಿ ಓದುವವರಿಗೆ ಈ ಜಾಗದಲ್ಲಿ ಬೇತಾಳನ ಕಥೆ ನೆನಪಾಗದೆ ಇರದು. ಗಂಡನ ತಲೆ ಇನ್ನೊಬ್ಬನ ಮುಂಡಕ್ಕೆ, ಇನ್ನೊಬ್ಬನ ತಲೆ ಗಂಡನ ಮುಂಡಕ್ಕೆ ಸೇರಿಕೊಂಡರೆ ಆ ಹೆಣ್ಣಿಗೆ ಗಂಡ ಯಾರು? ತಲೆಯೇ ಮುಖ್ಯ, ಗಂಡನ ತಲೆ ಇರುವವನೇ ಗಂಡ ಅಂತ ರಾಜ ಉತ್ತರ ಕೊಡುತ್ತಾನೆ. ಗಿರೀಶ ಕಾರ್ನಾಡರು 'ಹಯವದನ'ದಲ್ಲಿ ಆ ಉತ್ತರ ಸಾಲದು ಅಂತ ಮುಂದಕ್ಕೆ ಹೋದರು. ಆದರೆ ಅಲ್ಲಿ ಎಷ್ಟೇ ಗೋಜಲಾದರೂ ಇಬ್ಬರು ಇಬ್ಬರಾಗಿಯೇ ಉಳಿದಿದ್ದರು. ಇಲ್ಲಿ ಎರಡು ತಲೆಯೂ ಒಂದೇ ಆಗಿದೆ. ರಾಜನ ಉತ್ತರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಷ್ಟು ಕಷ್ಟದ ಪ್ರಶ್ನೆ ಹಾಕಿದ ಎಪಿಸೋಡು ಅದನ್ನು ಹೇಗೆ ನಡೆಸಿತು ಅನ್ನುವುದಕ್ಕೆ ಈಗ ಬರುತ್ತೇನೆ. ಅಭಿಮಾನಿಗಳ ಸಿಟ್ಟು ಆರದಿರುವುದಕ್ಕೆ ಕಾರಣ ಜೇನ್‌ವೇಯ ತೀರ್ಮಾನಕ್ಕಿಂತ ಜಾಸ್ತಿ ಇದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಎಪಿಸೋಡು ವಾದ ಮಾಡುವುದೇ ಇಲ್ಲ. ವಾದಕ್ಕೆ ಅಂತ ಒಂದು ಜಾಗ ಕೊಡುವುದಿಲ್ಲ. ವಿಚಾರಣೆ ಇಲ್ಲ, ಸಭೆ ಇಲ್ಲ. ಟೂವಿಕ್ಸ್ ಪರವಾಗಿ ಎದ್ದು ನಿಂತು ಮಾತಾಡುವ ಗೆಳೆಯನಿಲ್ಲ.

ಸ್ಟಾರ್ ಟ್ರೆಕ್ ನೋಡಿ ಬೆಳೆದವರಿಗೆ ಇದು ಯಾಕೆ ಚುಚ್ಚುತ್ತದೆ ಅಂತ ತಿಳಿಯಬೇಕಾದರೆ 1989ರ ಫೆಬ್ರವರಿಗೆ ಹೋಗಬೇಕು. 'ದಿ ನೆಕ್ಸ್ಟ್ ಜನರೇಷನ್' ಸೀರೀಸಿನಲ್ಲಿ 'ದಿ ಮೆಷರ್ ಆಫ್ ಎ ಮ್ಯಾನ್' ಅಂತ ಒಂದು ಎಪಿಸೋಡ್ ಬಂತು. ಡೇಟಾ ಒಂದು ಆಂಡ್ರಾಯ್ಡ್, ಮನುಷ್ಯರೂಪದ ಯಂತ್ರ. ಅವನನ್ನು ಬಿಚ್ಚಿ ನೋಡಬೇಕು, ಅವನಂಥವರನ್ನು ಇನ್ನಷ್ಟು ಮಾಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಲ್ಲೆ ಅನ್ನುತ್ತಾನೆ. ವಿಚಾರಣೆ ನಡೆಯುತ್ತದೆ. ಕ್ಯಾಪ್ಟನ್ ಪಿಕಾರ್ಡ್ ಅವನ ವಕೀಲನಾಗಿ ನಿಲ್ಲುತ್ತಾನೆ. ಆಯ್ಕೆ ಮಾಡುವ ಹಕ್ಕು ಡೇಟಾನದೇ ಅಂತ ತೀರ್ಪು ಬರುತ್ತದೆ. ಒಲ್ಲೆ ಅಂದ ಒಂದು ಯಂತ್ರಕ್ಕೆ ಕೋರ್ಟು ಸಿಕ್ಕಿತು. ಒಲ್ಲೆ ಅಂದ ಟೂವಿಕ್ಸ್‌ಗೆ ಸಿಕ್ಕಿದ್ದು ಬ್ರಿಡ್ಜ್‌ನ ಮೌನ. ಅಭಿಮಾನಿಗಳು ಈ ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಕಲಕಿದಂತಾಗುತ್ತದೆ.

ಇನ್ನೊಂದು ಹೋಲಿಕೆ ನನಗೆ ಇನ್ನೂ ಮುಖ್ಯ. 1998ರಲ್ಲಿ 'ಡೀಪ್ ಸ್ಪೇಸ್ ನೈನ್' ಸೀರೀಸಿನಲ್ಲಿ 'ಇನ್ ದಿ ಪೇಲ್ ಮೂನ್‌ಲೈಟ್' ಬಂತು. ಅದರಲ್ಲಿ ಕ್ಯಾಪ್ಟನ್ ಸಿಸ್ಕೊ ಸುಳ್ಳು ಸಾಕ್ಷಿ ಹುಟ್ಟಿಸುತ್ತಾನೆ. ಅದರಿಂದಾಗಿ ಒಬ್ಬ ಸೆನೇಟರನ ಕೊಲೆಯಾಗುತ್ತದೆ. ಇದೆಲ್ಲ ಒಂದು ಯುದ್ಧ ಗೆಲ್ಲುವುದಕ್ಕೆ. ಆ ಎಪಿಸೋಡನ್ನು ಅಭಿಮಾನಿಗಳು ಎದೆಗೊತ್ತಿಕೊಂಡಿದ್ದಾರೆ. ಯಾಕೆ? ಸಿಸ್ಕೊ ಪೂರ್ತಿ ಎಪಿಸೋಡಿನಲ್ಲಿ ಕ್ಯಾಮೆರಾ ಕಡೆ ಮುಖ ಮಾಡಿ ತಾನು ಮಾಡಿದ್ದನ್ನು ಹೇಳಿಕೊಳ್ಳುತ್ತಾನೆ. ಒದ್ದಾಡುತ್ತಾನೆ. ಇದರ ಜೊತೆ ನಾನು ಬದುಕಬಲ್ಲೆ ಅಂತ ತನಗೆ ತಾನೇ ನಂಬಿಸಲು ನೋಡುತ್ತಾನೆ. ನಾವು ಅವನ ಜೊತೆ ಕೂತು ಕೇಳಿಸಿಕೊಂಡಿರುತ್ತೇವೆ. ಜೇನ್‌ವೇಗೆ ಅಂಥ ಐದು ನಿಮಿಷವನ್ನೂ ಯಾರೂ ಬರೆದುಕೊಡಲಿಲ್ಲ. ಅವಳು ಹೆಣ್ಣು ಕ್ಯಾಪ್ಟನ್ ಆದ್ದರಿಂದ ಜನ ಅವಳಿಗೆ ಜಾಸ್ತಿ ಕಲ್ಲು ಹೊಡೆಯುತ್ತಾರೆ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ. ಆದರೆ ಸಿಸ್ಕೊಗೆ ಸಿಕ್ಕ ಮಾತು ಅವಳಿಗೆ ಸಿಗದೆ ಹೋದದ್ದು ಅದಕ್ಕಿಂತ ದೊಡ್ಡ ಅನ್ಯಾಯ.

ಯಾಕೆ ಹೀಗಾಯಿತು? ಉತ್ತರ ಎಪಿಸೋಡಿನ ಶುರುವಿನಲ್ಲೇ ಇದೆ. ಟೈಟಲ್ ಸಂಗೀತದ ಜೊತೆ ನಟರ ಹೆಸರು ಬರುತ್ತವಲ್ಲ, ಅಲ್ಲಿ. ಟೂವಾಕ್ ಮಾಡುವ ಟಿಮ್ ರಸ್ ಹೆಸರಿದೆ. ನೀಲಿಕ್ಸ್ ಮಾಡುವ ಈಥನ್ ಫಿಲಿಪ್ಸ್ ಹೆಸರಿದೆ. ಟಾಮ್ ರೈಟ್ ಅತಿಥಿ ನಟ. 90ರ ದಶಕದ ಅಮೆರಿಕನ್ ಟಿವಿಯಲ್ಲಿ ಇಂಥ ಸೀರೀಸುಗಳಿಗೆ ಒಂದು ಕಟ್ಟು ಇತ್ತು. ವಾರಕ್ಕೊಂದು ಕಥೆ, ವಾರದ ಕೊನೆಗೆ ಎಲ್ಲ ಮೊದಲಿದ್ದ ಜಾಗಕ್ಕೆ. ಯಾವ ಎಪಿಸೋಡನ್ನು ಯಾವಾಗ ನೋಡಿದರೂ ಅರ್ಥವಾಗಬೇಕು. ಹಾಗಾಗಿ ಟೂವಿಕ್ಸ್ ಹೋಗಲೇಬೇಕು ಅನ್ನುವುದು ಅವನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು. ಇದನ್ನು ಸುಲಭವಾಗಿ ಮುಗಿಸಬಹುದಿತ್ತು. ಅವನೇ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಬರಬಹುದಿತ್ತು. ತಾನೇ ಮನಸ್ಸು ಬದಲಿಸಿ ಒಪ್ಪಬಹುದಿತ್ತು. ಚಿತ್ರಕಥೆ ಬರೆದ ಕೆನೆತ್ ಬಿಲ್ಲರ್ ಅಂಥ ಯಾವ ಬಾಗಿಲನ್ನೂ ತೆರೆಯಲಿಲ್ಲ. ಅವನು ಆರೋಗ್ಯವಾಗಿದ್ದಾನೆ, ಸಂತೋಷವಾಗಿದ್ದಾನೆ, ಬೇಡ ಅನ್ನುತ್ತಾನೆ. ಅದು ಧೈರ್ಯದ ಬರವಣಿಗೆ. ಅದಕ್ಕಾಗಿ ನನಗೆ ಈ ಎಪಿಸೋಡಿನ ಮೇಲೆ ಪ್ರೀತಿ ಇದೆ. ಸುಲಭದ ಬಾಗಿಲು ತೆರೆದಿದ್ದರೆ ಇವತ್ತು ಯಾರಿಗೂ ಇದರ ನೆನಪಿರುತ್ತಿರಲಿಲ್ಲ.

ಆದರೆ ಟಿವಿಯ ಕಟ್ಟು ಮೊದಲೇ ಮಾಡಿಟ್ಟ ತೀರ್ಮಾನವನ್ನು ಕಥೆಯೊಳಗೆ ಯಾರಾದರೂ ತನ್ನದು ಅಂತ ಹೊರಬೇಕಿತ್ತು. ಅದು ಜೇನ್‌ವೇ ತಲೆಗೆ ಬಂತು.

2003ರಲ್ಲಿ 'ಎಂಟರ್‌ಪ್ರೈಸ್' ಸೀರೀಸು ಇದೇ ಬೇಲಿಯ ಹತ್ತಿರ ಮತ್ತೆ ಬಂತು. 'ಸಿಮಿಲಿಟ್ಯೂಡ್' ಎಂಬ ಎಪಿಸೋಡ್. ಸಾಯುತ್ತಿರುವ ಎಂಜಿನಿಯರ್ ಟ್ರಿಪ್‌ನನ್ನು ಉಳಿಸಲು ಅವನದೇ ಒಂದು ನಕಲು ಬೆಳೆಸುತ್ತಾರೆ, ಹೆಸರು ಸಿಮ್. ಆಯಸ್ಸು ಬರೀ 15 ದಿನ. ಮಿದುಳಿನ ಅಂಗಾಂಶ ತೆಗೆದರೆ ಅವನು ಬದುಕುವುದಿಲ್ಲ ಅಂತ ಆಮೇಲೆ ಗೊತ್ತಾಗುತ್ತದೆ. ಸಿಮ್ ಮೊದಲು ಒಲ್ಲೆ ಅನ್ನುತ್ತಾನೆ. ಕ್ಯಾಪ್ಟನ್ ಆರ್ಚರ್ ಬೆದರಿಸುತ್ತಾನೆ ಕೂಡ. ಕೊನೆಗೆ ಸಿಮ್ ತಾನಾಗಿಯೇ ಬರುತ್ತಾನೆ. ಆ ಒಂದು 'ಆಗಲಿ' ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಆರ್ಚರ್ ಬಗ್ಗೆ ಇಷ್ಟು ದೊಡ್ಡ ಜಗಳ ಹುಟ್ಟಲಿಲ್ಲ.

ಡಾಕ್ಟರನ ಮಾತು ಬಾಕಿ ಇದೆ. ಅವನನ್ನು ಬಿಟ್ಟು ಈ ಕಥೆ ಹೇಳಲಾಗದು. ರಾಬರ್ಟ್ ಪಿಕಾರ್ಡೊ ಮಾಡಿದ ಈ ಪಾತ್ರ ಮನುಷ್ಯನೇ ಅಲ್ಲ. ಹೊಲೊಗ್ರಾಂ, ಬೆಳಕಿನಿಂದಾದ ಒಂದು ಪ್ರೋಗ್ರಾಂ. ಬೇರ್ಪಡಿಸುವ ದಾರಿ ಹುಡುಕಿದವನೂ ಅವನೇ. ಆದರೆ ಸಮಯ ಬಂದಾಗ, ನಾನು ವೈದ್ಯ, ಒಬ್ಬನ ಇಚ್ಛೆಗೆ ವಿರುದ್ಧವಾಗಿ ಅವನ ಪ್ರಾಣ ತೆಗೆಯಲಾರೆ ಅಂತ ಹಿಂದೆ ಸರಿಯುತ್ತಾನೆ. ಹಡಗಿನಲ್ಲಿ ಅಷ್ಟೊಂದು ಜನ ಇದ್ದರು. ಕೈ ಕಟ್ಟಿ ನಿಂತು ಇಲ್ಲ ಅಂದದ್ದು ಆ ಪ್ರೋಗ್ರಾಂ ಮಾತ್ರ. ಗಮನಿಸಿ, ಅವನು ಜೇನ್‌ವೇಯನ್ನು ತಡೆಯುವುದೂ ಇಲ್ಲ. ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅವಳು ಇಂಜೆಕ್ಷನ್ ಕೈಗೆ ತೆಗೆದುಕೊಳ್ಳುತ್ತಾಳೆ. ಬೇರೆ ಯಾರ ಕೈಗೂ ಕೊಡುವುದಿಲ್ಲ. ಅವಳ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಆಜ್ಞೆ ಕೊಟ್ಟವಳೇ ಕೈಯಾರೆ ಮಾಡಿದಳು, ಇನ್ನೊಬ್ಬರ ಹೆಗಲಿಗೆ ಹಾಕಲಿಲ್ಲ ಅನ್ನುವುದಕ್ಕೆ ನನ್ನಲ್ಲಿ ಗೌರವ ಇದೆ.

ಮುಂದಿನ ವಾರ, 1996ರ ಮೇ 13ಕ್ಕೆ, 'ರೆಸಲ್ಯೂಷನ್ಸ್' ಬಂತು. ಜೇನ್‌ವೇ ಮತ್ತು ಚಕೋಟೇ ಕಾಯಿಲೆಯಿಂದ ಒಂದು ಗ್ರಹದಲ್ಲಿ ಉಳಿಯಬೇಕಾಗುತ್ತದೆ. ಹಡಗಿನ ಚುಕ್ಕಾಣಿ ಯಾರ ಕೈಗೆ? ಟೂವಾಕ್ ಕೈಗೆ. ಒಂದು ವಾರದ ಹಿಂದೆ ಒಬ್ಬನ ಪ್ರಾಣದ ಬೆಲೆಗೆ ಮರಳಿ ಬಂದವನು ಕ್ಯಾಪ್ಟನ್ ಕುರ್ಚಿಯಲ್ಲಿ ಕೂತಿದ್ದಾನೆ. ಟೂವಿಕ್ಸ್‌ನ ಹೆಸರು ಯಾರ ಬಾಯಲ್ಲೂ ಇಲ್ಲ.

ಈ ಸೀರೀಸಿಗೆ ನೆನಪಿಟ್ಟುಕೊಳ್ಳಲು ಬರುತ್ತಿರಲಿಲ್ಲ ಅಂತಲೂ ಅಲ್ಲ. 1999ರ 'ಲೇಟೆಂಟ್ ಇಮೇಜ್' ನೋಡಿ. ಇಬ್ಬರು ಗಾಯಗೊಂಡಿದ್ದಾರೆ, ಒಬ್ಬರನ್ನು ಉಳಿಸುವಷ್ಟೇ ಸಮಯ ಇದೆ. ಡಾಕ್ಟರ್ ತನ್ನ ಗೆಳೆಯ ಹ್ಯಾರಿ ಕಿಮ್‌ನನ್ನು ಉಳಿಸುತ್ತಾನೆ, ಇನ್ನೊಬ್ಬಳು ಸಾಯುತ್ತಾಳೆ. ಗೆಳೆಯ ಅಂತ ಆರಿಸಿದೆನೇ ಎಂಬ ಪ್ರಶ್ನೆ ಅವನನ್ನು ಒಡೆದುಹಾಕುತ್ತದೆ. ಜೇನ್‌ವೇ ಮೊದಲು ಅವನ ಆ ನೆನಪನ್ನೇ ಅಳಿಸಿಬಿಡುತ್ತಾಳೆ. ಆಮೇಲೆ ಅದು ತಪ್ಪು ಅಂತ ಅರಿತು, ಅವನು ಅದನ್ನು ತಾನೇ ದಾಟಲಿ ಅಂತ ಬಿಡುತ್ತಾಳೆ. ಹಡಗಿನವರು ಸರದಿಯ ಮೇಲೆ ಅವನ ಪಕ್ಕ ಕೂರುತ್ತಾರೆ. ಎಷ್ಟು ಚೆಂದದ ಎಪಿಸೋಡು ಅದು! ಅಂಥದ್ದೊಂದು ಟೂವಿಕ್ಸ್‌ಗೂ ಬರಬೇಕಿತ್ತು. ಸೀರೀಸು ಮಾಡದೆ ಬಿಟ್ಟ ಆ ಕೆಲಸವನ್ನೇ ಅಭಿಮಾನಿಗಳು ಇಷ್ಟು ವರ್ಷದಿಂದ ಮಾಡುತ್ತಿದ್ದಾರೆ. ಯಾರೋ ಅವನ ಪರ ವಕೀಲರಾಗುತ್ತಾರೆ, ಇನ್ಯಾರೋ ಜೇನ್‌ವೇ ಪರ. ನಡೆಯದೆ ಹೋದ ವಿಚಾರಣೆ ಇದು.

2023ರ ಸೆಪ್ಟೆಂಬರಿನಲ್ಲಿ 'ಲೋವರ್ ಡೆಕ್ಸ್' ಎಂಬ ಕಾರ್ಟೂನ್ ಸೀರೀಸು ನಾಲ್ಕನೇ ಸೀಸನ್‌ನ ಮೊದಲ ಎಪಿಸೋಡಿನಲ್ಲಿ ಈ ಕಥೆಯನ್ನು ಮತ್ತೆ ಮುಟ್ಟಿತು. ಅದರ ಹೆಸರು 'ಟೂವಿಕ್ಸ್' ಅಂತಲೇ ಕೇಳಿಸುತ್ತದೆ, ಆದರೆ ಇಂಗ್ಲಿಷಿನ ಎರಡು ಎಂಬ ಪದವನ್ನು ಅದರೊಳಗೆ ಸೇರಿಸಿದ್ದಾರೆ. ಅದೇ ಹೂವು, ಅದೇ ಅಪಘಾತ. ಬೆಸೆದುಕೊಂಡು ಹುಟ್ಟಿದವನಿಗೆ ಜೇನ್‌ವೇ ಹಿಂದೆ ಏನು ಮಾಡಿದಳು ಅಂತ ತಿಳಿಯುತ್ತದೆ. ತನಗೂ ಅದೇ ಗತಿ ಅಂತ ಹೆದರಿ, ಹಡಗಿನ ಉಳಿದವರನ್ನೂ ಬೆಸೆಯಲು ಶುರು ಮಾಡುತ್ತಾನೆ. ತಮಾಷೆಯ ಸೀರೀಸು, ನಕ್ಕು ಸಾಕಾಯಿತು. ಆದರೆ ಬಿಡಿಸಿದ ರೀತಿ ಗಮನಿಸಿ. ಕೊನೆಗೆ ಎಲ್ಲರೂ ಸೇರಿ ಬುದ್ಧಿಯೇ ಇಲ್ಲದ ಒಂದು ಮುದ್ದೆಯಾಗುತ್ತಾರೆ. ಮುದ್ದೆಗೆ ಆಸೆ ಇಲ್ಲ, ಭಯ ಇಲ್ಲ. ಹಾಗಾಗಿ ಬೇರ್ಪಡಿಸಲು ಅಡ್ಡಿ ಇಲ್ಲ. 27 ವರ್ಷದ ಮೇಲೂ, ಬೇಡ ಅನ್ನುವ ಒಬ್ಬನನ್ನು ಬೇರ್ಪಡಿಸುವ ಪ್ರಶ್ನೆಯನ್ನು ಅವರು ನೇರವಾಗಿ ಎದುರಿಸಲಿಲ್ಲ. ಬೇಡ ಅನ್ನುವವನೇ ಇಲ್ಲದ ಹಾಗೆ ಮಾಡಿಕೊಂಡರು.

ಮೂಲ ಎಪಿಸೋಡಿನ ಕೊನೆಯ ದೃಶ್ಯ ಒಂದೂವರೆ ನಿಮಿಷವೂ ಇರಲಿಕ್ಕಿಲ್ಲ. ಟೂವಿಕ್ಸ್ ನಿಂತಿದ್ದ ಜಾಗದಲ್ಲಿ ಇಬ್ಬರು ಪಕ್ಕಪಕ್ಕ ನಿಂತಿದ್ದಾರೆ. ಕೆಸ್ ಮುಖ ಅರಳುತ್ತದೆ. ನೀವು ವಾಪಸ್ ಬಂದದ್ದು ಸಂತೋಷ ಅಂತ ಜೇನ್‌ವೇ ಹೇಳಿ ಹೊರಡುತ್ತಾಳೆ. ಕಾರಿಡಾರಿಗೆ ಬಂದಾಗ ಕ್ಯಾಮೆರಾ ಅವಳ ಮುಖದ ಮೇಲೆ ನಿಲ್ಲುತ್ತದೆ. ಮಾತಿಲ್ಲ. ನಾನು ಆ ಮುಖವನ್ನು ಎಷ್ಟೋ ಸಲ ನಿಲ್ಲಿಸಿ ನೋಡಿದ್ದೇನೆ. ಅಲ್ಲಿ ಪಶ್ಚಾತ್ತಾಪ ಇದೆ ಅಂತ ನನಗೆ ಕಾಣುತ್ತದೆ. ದುಃಖ ಇದೆ, ಪಶ್ಚಾತ್ತಾಪ ಇಲ್ಲ ಅಂತ ತಂಗಿಗೆ ಕಾಣುತ್ತದೆ.

ಹೋದ ದೀಪಾವಳಿಗೆ ಅವಳು ಬಂದಿದ್ದಾಗ ಇನ್ನೊಂದು ಸಲ ಹಾಕಿದೆವು. ಈ ಸಲ ಅವಳು ಜೇನ್‌ವೇಯನ್ನು ನೋಡುತ್ತಿರಲಿಲ್ಲ. ಹಿಂದೆ ನಿಂತ ಇಬ್ಬರನ್ನು ನೋಡುತ್ತಿದ್ದಳು. ಸ್ವಲ್ಪ ಹಿಂದಕ್ಕೆ ಹಾಕು ಅಂದಳು. ಹಾಕಿದೆ. "ಟೂವಿಕ್ಸ್‌ಗೆ ಇವರಿಬ್ಬರ ನೆನಪೂ ಇತ್ತಲ್ಲ" ಅಂದಳು. "ಹಂಗಾದ್ರೆ ಇವರಿಗೆ ಅವನ ನೆನಪು ಇರುತ್ತಾ? ಅವನು ಬೇಡಿಕೊಂಡಿದ್ದು ಇವರಿಗೆ ಗೊತ್ತಾ?"

ಸೀರೀಸಿನಲ್ಲಿ ಎಲ್ಲೂ ಹೇಳಿಲ್ಲ ಅಂದೆ. ಅವಳು ಪರದೆ ನೋಡುತ್ತಲೇ ಇದ್ದಳು. ನೀಲಿಕ್ಸ್ ತನ್ನ ಕೈ ತಾನೇ ನೋಡಿಕೊಳ್ಳುತ್ತಿದ್ದಾನೆಯೇ ಅಂತ ಹುಡುಕುತ್ತಿದ್ದಳು.